ಕಾಶಮ್ಮನ ಮೈಬಣ್ಣ

ಮುಖ ಹಸಿರಾಗಿತ್ತು. ಅದೂ ಎಂಥ ಹಸಿರು ಅಂತೀರಿ, ಒಳ್ಳೆ ಮಳೆ ಬಿದ್ದ ಮೇಲೆ ಹುರುಳಿ ಹೊಲ ಇರುತ್ತದಲ್ಲ, ಅಂಥ ಹಸಿರು. ಷಣ್ಮುಖಪ್ಪ ಕೈಯಲ್ಲಿದ್ದ ಫೋಟೋ ನೋಡಿದ, ಗೋಡೆಯ ಮೇಲಿನ ಚಿತ್ರ ನೋಡಿದ, ಮತ್ತೆ ಫೋಟೋ ನೋಡಿದ. ಫೋಟೋದಲ್ಲಿ ಅದೇ ಮುಖಕ್ಕೆ ಅವನು ಗುಲಾಬಿ ಬಳಿದಿದ್ದ, ಹಿಂದಿನ ಆಕಾಶಕ್ಕೆ ತಿಳಿನೀಲಿ. ಗೋಡೆಯ ಮೇಲಿನ ಆಕಾಶವೋ ಒಣಮೆಣಸಿನಕಾಯಿ ಕೆಂಪು. ಯಾರೂ ಕಾಣದಿರಲಿ ಎಂದು ಫೋಟೋವನ್ನು ಲಕೋಟೆಯೊಳಕ್ಕೆ ತುರುಕಲು ಹೋದ. ಅಷ್ಟರಲ್ಲಿ ಆ ಚಿತ್ರ ಬರೆದ ಹೆಣ್ಣುಮಗಳು ಪಕ್ಕದಲ್ಲೇ ಬಂದು ನಿಂತಾಗಿತ್ತು.

ಆದದ್ದು ಇಷ್ಟೇ. ತರೀಕೆರೆಯ ಹೈಸ್ಕೂಲೊಂದರ ಹಾಲಿನಲ್ಲಿ ಐದಾರು ಮಂದಿ ಹೊಸ ಕಾಲದ ಕಲಾವಿದರು ತಮ್ಮ ಚಿತ್ರಗಳನ್ನು ಪ್ರದರ್ಶನಕ್ಕೆ ಇಟ್ಟಿದ್ದರು. ಉದ್ಘಾಟನೆಯ ಫೋಟೋ ತೆಗೆದದ್ದು ಕಡೂರಿನಲ್ಲಿ ಸ್ಟುಡಿಯೋ ಇಟ್ಟಿದ್ದ ತಿಮ್ಮರಾಯಪ್ಪ. ೧೯೭೯ರಲ್ಲಿ ನಮ್ಮ ಕಡೆ ಫೋಟೋ ಅಂದರೆ ಕಪ್ಪುಬಿಳುಪೇ. ಬಣ್ಣ ಬೇಕೆಂದವರಿಗೆ ಆ ಸ್ಟುಡಿಯೋದಲ್ಲಿ ಷಣ್ಮುಖಪ್ಪ ಹತ್ತಿ ಸುತ್ತಿದ ಕಡ್ಡಿಯಿಂದ ಕೈಯಾರೆ ಬಣ್ಣ ಹಾಕಿಕೊಡುತ್ತಿದ್ದ, ಹದಿನೆಂಟು ವರ್ಷದಿಂದ. ಭಾಷಣ ಮಾಡುತ್ತಿದ್ದ ಹೆಡ್‌ಮಾಸ್ತರರ ಹಿಂದೆ ಗೋಡೆಯ ಮೇಲಿನ ಹೆಂಗಸಿನ ಚಿತ್ರವೊಂದೂ ಫೋಟೋದಲ್ಲಿ ಬಂದಿತ್ತು. ಹೆಡ್‌ಮಾಸ್ತರರು ಖುಷಿಪಡಲಿ ಎಂದು ಒಂದು ಪ್ರತಿಗೆ ಬಣ್ಣ ಹಾಕಿ ತಂದಿದ್ದ. ಆ ಚಿತ್ರವನ್ನು ಕಣ್ಣಾರೆ ಕಂಡಿರಲಿಲ್ಲ. ಮುಖ ಅಂದಮೇಲೆ ಗುಲಾಬಿ, ಆಕಾಶ ಅಂದಮೇಲೆ ನೀಲಿ, ಇದರಲ್ಲಿ ಕೇಳಿ ತಿಳಿಯುವುದೇನಿದೆ?

ಆ ಹೆಣ್ಣುಮಗಳು ನಕ್ಕುಬಿಟ್ಟಿದ್ದರೆ ಷಣ್ಮುಖಪ್ಪನಿಗೆ ಹಾಯೆನಿಸುತ್ತಿತ್ತು. ಅವಳು ನಗಲಿಲ್ಲ. ತನ್ನ ತಂದೆ ಶಿವನಿ ರೈಲು ಸ್ಟೇಷನ್ನಿನಲ್ಲಿ ಕೆಲಸಕ್ಕಿದ್ದರೆಂದೂ, ಚಿತ್ರದಲ್ಲಿರುವುದು ತನ್ನ ತಾಯಿಯೆಂದೂ, ಹಿತ್ತಲ ಬಾಳೆಗಿಡದ ಬುಡದಲ್ಲಿ ಅಮ್ಮ ಪಾತ್ರೆ ತೊಳೆಯುತ್ತಿದ್ದರೆ ಎಲೆಯ ಹಸಿರೆಲ್ಲ ಮುಖದ ಮೇಲೆ ಬೀಳುತ್ತಿತ್ತೆಂದೂ ಹೇಳಿದಳು. ಆಮೇಲೆ ಫೋಟೋವನ್ನು ಬೆಳಕಿಗೆ ಹಿಡಿದು, ನಿಮ್ಮ ಕೈ ಬಹಳ ನಯವಾಗಿದೆ ಎಂದಳು.

"ಬಣ್ಣ ಹಾಕೋಕೆ ಮುಂಚೆ ಫೋಟೋದಲ್ಲಿರೋರ ಮುಖ ನೋಡಿರ್ತೀರಾ?"

"ನನ್ನ ಹತ್ರ ಬರೋ ಫೋಟೋದೋರು ಸತ್ತಿರ್ತಾರೆ ಕಣಮ್ಮ."

"ನೋಡಿದೋರು ಇರ್ತಾರಲ್ಲ, ಅವರನ್ನ ಕೇಳಬಹುದು."

ಷಣ್ಮುಖಪ್ಪ ಫೋಟೋವನ್ನು ಲಕೋಟೆಗೆ ಸೇರಿಸಿದ. ಉಳಿದ ಚಿತ್ರಗಳ ಮುಂದೆಲ್ಲ ಒಂದು ಸುತ್ತು ಬಂದ. ಒಬ್ಬರು ಎತ್ತಿಗೆ ನೇರಳೆ ಬಳಿದಿದ್ದರು. ಇನ್ನೊಬ್ಬರು ಬರಿ ಹಳದಿ ಚೌಕಗಳನ್ನು ಬರೆದಿಟ್ಟಿದ್ದರು. ಇದೇನು ಮಕ್ಕಳಾಟ ಎಂದು ಮುಂದೆ ಹೋದವನು, ನಡುಮಧ್ಯಾಹ್ನದ ಬಿಸಿಲಿಗೆ ಹಳದಿಯಾಗಿ ಹೊಳೆಯುವ ಒಕ್ಕಣೆಯ ಕಣ ನೆನಪಾಗಿ ವಾಪಸು ಬಂದು ನಿಂತ. ಸಂಕಟವಾಯಿತು, ಸಂತೋಷವೂ ಆಯಿತು. ಕಡೂರಿನ ಬಸ್ಸಿನಲ್ಲಿ ಕೂತ ಮೇಲೆ ಎದುರು ಸೀಟಿನ ಮುದುಕನ ಕುತ್ತಿಗೆಯನ್ನೇ ಬೀರೂರು ಬರುವತನಕ ನೋಡಿದ. ಅಲ್ಲಿ ಇಟ್ಟಿಗೆ ಕೆಂಪಿತ್ತು, ಮಡಿಕೆಗಳೊಳಗೆ ನೀಲಿಯಿತ್ತು, ಗುಲಾಬಿಯ ಸುಳಿವೇ ಇರಲಿಲ್ಲ.

ಅವನು ಇಲ್ಲಿಯವರೆಗೆ ಬಣ್ಣ ಹಾಕಿದ ಹೆಂಗಸರನ್ನೆಲ್ಲ ಸಾಲಾಗಿ ನಿಲ್ಲಿಸಿದ್ದರೆ, ಕಡೂರು ಸೀಮೆಯಲ್ಲಿ ಸತ್ತವರೆಲ್ಲ ಒಬ್ಬಳೇ ತಾಯಿಯ ಮಕ್ಕಳು ಅನ್ನಬೇಕಿತ್ತು. ಎಲ್ಲರಿಗೂ ಬೆಳ್ಳನೆ ಮೈ, ಗುಲಾಬಿ ಕೆನ್ನೆ, ಕೆಂಪಂಚಿನ ಹಸಿರು ಸೀರೆ. ಬದುಕಿದ್ದಾಗ ಕರಿಮಣಿಗೂ ಗತಿಯಿಲ್ಲದವಳ ಕೊರಳಿಗೆ ಚಿನ್ನದ ಅವಲಕ್ಕಿ ಸರ. ಜನಕ್ಕೂ ಅದೇ ಬೇಕಿತ್ತು, ತಿಮ್ಮರಾಯಪ್ಪನೂ ಅದನ್ನೇ ಕಲಿಸಿದ್ದ.

ಅದೇ ವಾರ ಅಂತರಘಟ್ಟೆಯಿಂದ ಗಿಡ್ಡಪ್ಪ ಬಂದ. ಜೊತೆಗೆ ವಯಸ್ಸಿಗೆ ಬಂದ ಮಗ ಪುಟ್ಟಯ್ಯ. ಗಿಡ್ಡಪ್ಪನ ಹೆಂಡತಿ ಕಾಶಮ್ಮ ತೀರಿಕೊಂಡು ವರ್ಷವಾಗುತ್ತ ಬಂದಿತ್ತು. ಅವಳದೆಂದು ಇದ್ದದ್ದು ಒಂದೇ ಫೋಟೋ, ಯಾರದೋ ಮದುವೆಯ ಗುಂಪಿನಲ್ಲಿ ಹಿಂದಿನ ಸಾಲಿನ ತುದಿಗೆ ಕಡಲೆಕಾಳಿನಷ್ಟು ಮುಖ. ಅದನ್ನು ದಾವಣಗೆರೆಗೆ ಕಳಿಸಿ ದೊಡ್ಡದು ಮಾಡಿಸಿ ತರಲು ಹದಿನೈದು ದಿನ ಹಿಡಿದಿತ್ತು. ತಿಥಿಗೆ ಉಳಿದದ್ದು ಐದೇ ದಿನ. ತಾಯಿಯನ್ನು ಬೆಳ್ಳಗೆ ಮಾಡಬೇಕು, ಕೊರಳಿಗೆ ಎರಡೆಳೆ ಸರ ಬರಬೇಕು ಎಂದು ಪುಟ್ಟಯ್ಯ ಹೇಳಿ ಮುಗಿಸಿದ. ಷಣ್ಮುಖಪ್ಪ ಅವನ ಮಾತಿಗೆ ತಲೆಯಾಡಿಸಿ, ಗಿಡ್ಡಪ್ಪನ ಕಡೆ ತಿರುಗಿ ತನ್ನ ಕಸುಬಿನಲ್ಲಿ ಎಂದೂ ಕೇಳದ ಮಾತು ಕೇಳಿದ.

"ನಿಮ್ಮನೆಯೋರು ಯಾವ ಬಣ್ಣ ಇದ್ರು?"

ಪುಟ್ಟಯ್ಯನ ಮುಖ ಕೆಂಪಾಯಿತು. ಗಿಡ್ಡಪ್ಪನಿಗೆ ಸಿಟ್ಟು ಬರಲಿಲ್ಲ. ಬೆಂಚಿನ ಮೇಲೆ ಸರಿಯಾಗಿ ಕೂತುಕೊಂಡು ಯೋಚನೆ ಮಾಡಿದ.

"ಕಪ್ಪು ಅಂದ್ರೆ ಬರಿ ಕಪ್ಪಲ್ಲ ಕಣ್ರೀ. ತಾಮ್ರದ ಹಂಡೆ ಇರ್ತದಲ್ಲ, ತಳದಾಗೆ ಮಸಿ, ಮೇಲೆ ಹೊಳಪು, ಹಂಗೆ. ಮನೆ ಒಳಗೆ ಇದ್ದೋಳಲ್ಲ ಅವ್ಳು, ಯಾವಾಗ್ಲೂ ಹೊಲ್ದಾಗೆ, ಬಿಸ್ಲಾಗೇ."

ಅಷ್ಟು ಹೇಳಿ ಬೆಂಚಿನಿಂದ ಎದ್ದ.

ನಾಲ್ಕು ದಿನ ಷಣ್ಮುಖಪ್ಪ ಬೇರೆ ಕೆಲಸ ಮುಟ್ಟಲಿಲ್ಲ. ಫೋಟೋ ಕಾಗದದ ಬುದ್ಧಿಯೇ ಹಾಗೆ, ಒಮ್ಮೆ ಕುಡಿದ ಬಣ್ಣವನ್ನು ವಾಪಸು ಕೊಡುವುದಿಲ್ಲ. ಮೊದಲ ಸಲ ನೇರಳೆಯಲ್ಲಿ ಅದ್ದಿದ ಕಡ್ಡಿಯನ್ನು ಕಾಶಮ್ಮನ ಕೆನ್ನೆಯ ಹತ್ತಿರ ತಂದು ಮೂರು ಸಲ ಹಿಂದಕ್ಕೆ ತೆಗೆದ. ತರೀಕೆರೆಯ ಯಾವ ಚಿತ್ರವನ್ನೂ ಅವನು ನಕಲು ಮಾಡಲಿಲ್ಲ, ಆ ಜನರ ಧೈರ್ಯ ಮಾತ್ರ ಬೇಕಾಗಿತ್ತು. ಕೆನ್ನೆಯ ಕೆಳಗೆ ನೇರಳೆ ಇಳಿಸಿದ. ಹಣೆಯ ಮೇಲೂ ಮೂಗಿನ ಮೇಲೂ ಕಣ್ಣು ಚುಚ್ಚುವ ಹಳದಿ. ಗದ್ದದಡಿಗೆ ರಾಗಿ ಪೈರಿನ ಹಸಿರು. ಸೀರೆಯನ್ನು ಮಾಸಲಾಗಿಯೇ ಬಿಟ್ಟ. ಸರ ಹಾಕಲಿಲ್ಲ. ಮುಗಿಸಿ ಎದ್ದಾಗ ಬಹಳ ವರ್ಷದ ಮೇಲೆ ಅವನಿಗೆ ತನ್ನ ಕೈ ಮೇಲೆ ಪ್ರೀತಿ ಬಂತು.

ತಿಮ್ಮರಾಯಪ್ಪ ಅದನ್ನು ಕಂಡದ್ದು ಗಿಡ್ಡಪ್ಪ ಬರುವ ದಿನ ಬೆಳಿಗ್ಗೆ.

"ಏನಯ್ಯಾ ಇದು, ಹೆಣ್ಣೆಂಗ್ಸಿಗೆ ಯಾರೋ ಹೊಡ್ದಂಗೆ ಮಾಡಿಟ್ಟಿದೀಯ. ನಾಳೆ ಆ ಮನೇಲಿ ತಿಥಿ ಕಣಯ್ಯಾ. ಅವ್ರು ಬ್ಯಾಡ ಅಂದ್ರೆ ನಿನ್ನ ಕಡ್ಡಿ ಬಣ್ಣ ಎತ್ಕಂಡು ಹೊರಟ್ಬಿಡು."

ಷಣ್ಮುಖಪ್ಪ ಫೋಟೋವನ್ನು ಮತ್ತೆ ಮುಂದಿಟ್ಟುಕೊಂಡು ಕೂತ. ಕೆಲಸ ಹೋದರೆ ಹೇಗೋ ಆದೀತು. ಆದರೆ ಒಬ್ಬನ ಹೆಂಡತಿಯ ಇದ್ದೊಂದು ಮುಖವನ್ನು ತನ್ನ ಚಪಲಕ್ಕೆ ಕೆಡಿಸಿಬಿಟ್ಟೆನೇ? ನಾಳೆ ಆ ಮನೆಯವರು ಹೂವು ಯಾವುದರ ಮೇಲೆ ಇಡಬೇಕು? ಈಗಲಾದರೂ ಮೇಲೊಂದು ಗುಲಾಬಿ ಎಳೆದುಬಿಡೋಣವೇ ಎಂದು ಕಡ್ಡಿಗೆ ಹತ್ತಿಯನ್ನೂ ಸುತ್ತಿದ. ಕೈ ಏಳಲಿಲ್ಲ.

ಹನ್ನೊಂದರ ಬಸ್ಸಿಗೆ ಇಬ್ಬರೂ ಬಂದರು. ತಿಮ್ಮರಾಯಪ್ಪ ಮೊದಲೇ ಕೈ ಮುಗಿದು, ಹುಡುಗಾಟವಾಗಿದೆ, ತಪ್ಪು ತಿಳಿಯಬೇಡಿ ಎಂದು ಶುರು ಮಾಡಿದ. ಪುಟ್ಟಯ್ಯ ಫೋಟೋಗೆ ಸುತ್ತಿದ ಕಾಗದ ಬಿಚ್ಚಿದವನೇ ಅದನ್ನು ಕೌಂಟರಿನ ಮೇಲೆ ಇಟ್ಟುಬಿಟ್ಟ.

"ಇದು ನಮ್ಮವ್ವ ಅಲ್ಲ. ನೆಂಟ್ರೆಲ್ಲ ಬರ್ತಾರೆ, ಇದನ್ನ ಹೆಂಗ್ರೀ ಇಡೋದು?"

ಷಣ್ಮುಖಪ್ಪ ತಲೆ ತಗ್ಗಿಸಿದ. ಗಿಡ್ಡಪ್ಪ ಫೋಟೋವನ್ನು ಎರಡೂ ಕೈಯಲ್ಲಿ ಎತ್ತಿಕೊಂಡ. ಒಳಗೆ ಸರಿಯಾಗಿ ಕಾಣದೆಂದು ಬಾಗಿಲಿನಾಚೆ ಮೆಟ್ಟಿಲಿನ ಮೇಲೆ ಹೋಗಿ ನಿಂತ. ರಸ್ತೆಯಲ್ಲಿ ಬಿಸಿಲು ಸುರಿಯುತ್ತಿತ್ತು. ಮುಖವನ್ನು ಹತ್ತಿರ ತಂದು ನೋಡಿದ, ತೋಳುದ್ದ ದೂರ ಹಿಡಿದು ನೋಡಿದ. ಒಂದು ಲಾರಿ ಹೋಯಿತು, ಧೂಳೆದ್ದು ಇಳಿಯಿತು. ಮೂವರೂ ಅವನ ಬೆನ್ನನ್ನೇ ನೋಡುತ್ತ ನಿಂತರು. ಅವನು ಮಾತಾಡಿದಾಗ ದನಿ ಮೆಲ್ಲಗಿತ್ತು, ಒಂಚೂರು ಗದರುವ ಹಾಗೂ ಇತ್ತು.

"ಎಷ್ಟೊತ್ತಿಂದ ನಿಂತಿದೀಯೇ ಈ ಬಿಸ್ಲಾಗೆ? ತಲೆ ಮೇಲೆ ಸೆರಗಾದ್ರೂ ಹಾಕ್ಕಳೇ."

ಪುಟ್ಟಯ್ಯ ಅಪ್ಪಾ ಎಂದು ಒಂದು ಹೆಜ್ಜೆ ಮುಂದಿಟ್ಟು ಅಲ್ಲೇ ನಿಂತ. ಗಿಡ್ಡಪ್ಪ ಹೆಗಲ ಮೇಲಿನ ಟವೆಲನ್ನು ಒಂದು ಕೈಯಲ್ಲಿ ಕೊಡವಿ ಬಿಡಿಸಿ, ಫೋಟೋದ ಮೇಲೆ ನೆರಳು ಬೀಳುವಂತೆ ಹಿಡಿದುಕೊಂಡ.