ಒಂದು ಮುಚ್ಚಳ ಶಿಸ್ತು

"ಮಗು ನೋಡ್ಬೇಕಂತೆ ಮಗು. ಹೆತ್ತಾಗ ಸರಿಯಾಗಿ ನೋಡ್ಲಿಲ್ವೇನೇ ಮುಂಡೇದೇ? ಕೂತ್ಕೊಂಡು ಕಾಲರ್ ಹೊಲಿ."

ಸೂಪರ್‌ವೈಸರನ ಬಾಯಿ ಬೆಳಿಗ್ಗೆ ಮೆಷಿನುಗಳ ಜೊತೆಗೇ ಶುರುವಾಗಿ ಮೆಷಿನುಗಳ ಜೊತೆಗೇ ನಿಲ್ಲುತ್ತಿತ್ತು. ಕಾಲರ್ ಅಕ್ಕ ಎದ್ದವಳು ಮತ್ತೆ ಕೂತಳು. ಆ ಗಾರ್ಮೆಂಟ್ಸ್ ಕಂಪನಿಯ ಹೊಲಿಗೆ ಹಾಲ್‌ನಲ್ಲಿ ಎಲ್ಲರಿಗೂ ಕೆಲಸದ್ದೇ ಹೆಸರು: ಗುಂಡಿ ಅಕ್ಕ, ಜೇಬಿನ ಅಕ್ಕ, ಕಾಲರ್ ಅಕ್ಕ. ಅವಳು ಹೊಲಿಯುತ್ತಿದ್ದದ್ದು ಎರಡು ವರ್ಷದ ಮಕ್ಕಳ ಫ್ರಾಕಿನ ದುಂಡು ಕಾಲರು. ಎಂದೂ ಕಾಣದ ಮಕ್ಕಳ ಕೊರಳಿನ ಅಳತೆ ಅವಳಿಗೆ ಬಾಯಿಪಾಠ. ಹೆತ್ತ ಮಗಳು ಹಗಲೆಲ್ಲ ಏನು ಮಾಡುತ್ತಾಳೆ ಎಂಬುದು ಮಾತ್ರ ಗೊತ್ತಿರಲಿಲ್ಲ.

ಹಾಗಂತ ಕಂಪನಿಗೆ ಕರುಣೆ ಇಲ್ಲವೆಂದರೆ ನಾಲಿಗೆ ಬಿದ್ದುಹೋದೀತು. ಮಕ್ಕಳಿಗೆಂದೇ ಒಂದು ಕೋಣೆ ಕೊಟ್ಟಿದ್ದರು. ಬಾಗಿಲ ಮೇಲೆ 'ನಗುವ ಹೂಗಳ ತೋಟ' ಎಂಬ ಬೋರ್ಡು. ಒಳಗೆ ಮೂವತ್ತೆರಡು ಹೂಗಳು, ಅವಕ್ಕೆಲ್ಲ ಒಬ್ಬಳೇ ಆಯಮ್ಮ. ಗಾಜಿನ ಬೀರುವಿನ ತುಂಬ ಆಟದ ಸಾಮಾನು, ಕೊಳೆಯಾಗದಿರಲೆಂದು ಎಲ್ಲಕ್ಕೂ ಪ್ಲಾಸ್ಟಿಕ್ ಸುತ್ತಿ ಬೀಗ ಹಾಕಿದ್ದರು. ಮಕ್ಕಳು ಗಾಜಿಗೆ ಮೂಗು ಒತ್ತಿ ನೋಡಬಹುದಿತ್ತು, ಅದಕ್ಕೆ ಯಾರ ಅಡ್ಡಿಯೂ ಇರಲಿಲ್ಲ. ಗೋಡೆಯ ಆಚೆಗೆ ಮ್ಯಾನೇಜರ ಕೋಣೆ. ಒಂದು ಅಳು ಈಚೆಗೆ ಕೇಳಿದರೂ ಕೆಲಸ ಹೋಯಿತೆಂದು ತಿಳಿದುಕೋ ಎಂದು ಆತ ಆಯಮ್ಮನಿಗೆ ಮೊದಲ ದಿನವೇ ಹೇಳಿದ್ದ. ಅಳು ಕೇಳಿರಲಿಲ್ಲ. ನಗುವೂ ಕೇಳಿರಲಿಲ್ಲವೆಂಬುದನ್ನು ಯಾರೂ ಗಮನಿಸಿರಲಿಲ್ಲ.

ಕಾಲರ್ ಅಕ್ಕನಿಗೆ ಮೊದಮೊದಲು ಮಗಳ ಬಗ್ಗೆ ಹೆಮ್ಮೆ. ಎರಡೂವರೆ ವರ್ಷ, ಹಟವಿಲ್ಲ, ಓಟವಿಲ್ಲ, ಕೂರಿಸಿದ ಕಡೆ ಕೂತಿರುತ್ತಾಳೆ. ಪಕ್ಕದ ಮನೆಯ ಅದೇ ವಯಸ್ಸಿನ ಪೋರಿ ಸೂರು ಹಾರುವಂತೆ ಮಾತಾಡಿದರೆ, ಪಾಪ ಅದರ ತಾಯಿ ಎಂದು ಇವಳೇ ಕನಿಕರ ಪಟ್ಟಿದ್ದಳು. ಇವಳ ಮಗಳು ಪುಟ್ಟಿಗೆ ಬರುತ್ತಿದ್ದದ್ದು ಒಂದೇ. ತುಟಿಗೆ ಬೆರಳಿಟ್ಟು "ಶ್ಶ್" ಎನ್ನುತ್ತಿದ್ದಳು. "ನಮ್ಮನೆ ಟೀಚರಮ್ಮ" ಎಂದು ಕಾಲರ್ ಅಕ್ಕ ನಗುತ್ತಿದ್ದಳು. ಹೋದ ವಾರ ಪಕ್ಕದ ಮನೆಯವಳು, "ಅಲ್ಲ ಕಣೇ, ಇದು ಇನ್ನೂ ನಿನ್ನನ್ನ ಅಮ್ಮಾ ಅಂತಾನೂ ಕರೆಯಲ್ವಾ?" ಎಂದು ಕೇಳಿದ ಮೇಲೆ ಆ ನಗು ನಿಂತಿತು. ಅಂದಿನಿಂದ ಊಟ ಸೇರುತ್ತಿರಲಿಲ್ಲ. ಒಂದು ಸಲ ಹಗಲು ಹೊತ್ತಿನಲ್ಲಿ ಹೋಗಿ ಮಗಳನ್ನು ನೋಡಬೇಕು ಎಂಬುದೊಂದೇ ತಲೆಯಲ್ಲಿ ಕೊರೆಯುತ್ತಿತ್ತು.

ಆ ಭಾಗ್ಯ ಅವತ್ತು ಮಧ್ಯಾಹ್ನವೇ ಬಂತು. ಮಕ್ಕಳ ಕೋಣೆಯ ತಪಾಸಣೆಗೆ ಮೇಲಿನ ಆಫೀಸಿನಿಂದ ಒಬ್ಬ ಮೇಡಂ ಬರುತ್ತಿದ್ದರು. ತಾಯಂದಿರ ಪರವಾಗಿ ಒಬ್ಬಳು ಎದುರಿಗಿರಬೇಕಂತೆ. "ನಿನ್ನ ಮಗು ಬಾಯೇ ಬಿಡಲ್ಲ, ನೀನೇ ಬಾ" ಎಂದ ಸೂಪರ್‌ವೈಸರ್. "ನೀನೂ ಬಿಡ್ಬೇಡ. ಹಲ್ಲು ತೋರಿಸಿದ್ರೆ ಸಾಕು."

ಮಕ್ಕಳ ಕೋಣೆಯ ಬೀರು ತೆರೆದಿತ್ತು. ಪ್ಲಾಸ್ಟಿಕ್ ಬಿಚ್ಚಿದ ಚೆಂಡು, ಗೊಂಬೆ, ಬಣ್ಣದ ಕಟ್ಟಿಗೆ ತುಂಡುಗಳು ಚಾಪೆಯ ಮೇಲೆ ಬಿದ್ದಿದ್ದವು. ಮಕ್ಕಳು ಅವುಗಳ ಸುತ್ತ ಕೈಕಟ್ಟಿ ಕೂತಿದ್ದವು. ಒಂದಾದರೂ ಕೈ ಚಾಚಲಿಲ್ಲ.

ಮೇಡಂ ಚೆಂಡು ಎತ್ತಿಕೊಂಡು ಪುಟ್ಟಿಯ ಮುಂದೆ ಬಗ್ಗಿದರು. "ಇದೇನಮ್ಮಾ, ಹೇಳು ನೋಡೋಣ?"

ಪುಟ್ಟಿ ಚೆಂಡು ನೋಡಿತು, ಮೇಡಂ ಮುಖ ನೋಡಿತು, ತುಟಿಗೆ ಬೆರಳಿಟ್ಟು "ಶ್ಶ್" ಎಂದಿತು. ಅಷ್ಟೇ. ಮೂವತ್ತೆರಡೂ ಮಕ್ಕಳು ಸಾಲಾಗಿ ಮಲಗಿ ಕಣ್ಣು ಮುಚ್ಚಿಕೊಂಡವು.

"ಅಬ್ಬಾ, ಎಂಥಾ ಶಿಸ್ತು" ಎಂದರು ಮೇಡಂ. "ನಮ್ಮನೇಲಿ ಒಂದೇ ಇದೆ, ರಾಕ್ಷಸಿ."

"ನಮ್ಮ ತರಬೇತಿ, ಮೇಡಂ" ಎಂದ ಮ್ಯಾನೇಜರ್. ಮೇಡಂ ಅಲ್ಲೇ ಕೂತು, ಚಹಾ ತರಿಸಿಕೊಂಡು, ಹಾಳೆಯಲ್ಲಿ 'ಅತ್ಯುತ್ತಮ' ಎಂದು ಬರೆಯತೊಡಗಿದರು.

ಕಾಲರ್ ಅಕ್ಕ ಆಯಮ್ಮನನ್ನು ಮೂಲೆಗೆ ಎಳೆದಳು. "ಇದೇನು ಆಯಮ್ಮಾ? ಯಾಕೆ ಹಿಂಗೆ ಬಿದ್ಕೊಂಡ್ವು?"

ಆಯಮ್ಮ ನೆಲ ನೋಡಿದಳು. "ನಂಗಿರೋದು ಎರಡೇ ಕೈ ಕಣಮ್ಮ. ಒಂದು ಅತ್ರೆ ಎಲ್ಲವೂ ಅಳ್ತಾವೆ. ಬೆಳಿಗ್ಗೆ ಒಂದು ಮುಚ್ಚಳ, ಮಧ್ಯಾಹ್ನ ಒಂದು ಮುಚ್ಚಳ. ಈಗೀಗ ಬೆರಳು ತೋರಿಸಿದ್ರೂ ಸಾಕು, ಮಲಗ್ತಾವೆ."

"ಏನು ಮುಚ್ಚಳ?"

ಆಯಮ್ಮ ಕಿಟಕಿಯತ್ತ ಕಣ್ಣು ತಿರುಗಿಸಿದಳು. ಅಲ್ಲೊಂದು ಶೀತದ ಔಷಧಿ ಬಾಟಲಿ, ಕುಡಿದರೆ ನಿದ್ದೆ ಎಳೆಯುವಂಥದ್ದು. ಅದರ ಕುತ್ತಿಗೆಗೆ ಕೆಂಪು ದಾರ ಸುತ್ತಿತ್ತು. ಮಕ್ಕಳಿಗೆ ಶೀತವಾದರೆ ಇರಲಿ ಎಂದು ಆಯಮ್ಮ ಕೇಳಿದ್ದಕ್ಕೆ ತಾಯಂದಿರು ಸರದಿಯ ಮೇಲೆ ತಂದುಕೊಡುತ್ತಿದ್ದ ಬಾಟಲಿಗಳಲ್ಲೊಂದು ಅದು. ಇದು ಕಾಲರ್ ಅಕ್ಕನದೇ. ತನ್ನದೆಂದು ಗುರುತಿರಲಿ ಎಂದು ಮೆಷಿನಿನ ದಾರ ಸುತ್ತಿದವಳೂ ಅವಳೇ. ಮಗಳ ಮಾತನ್ನು ಮಲಗಿಸುವ ಮದ್ದನ್ನು ತನ್ನ ಕೈಯಾರೆ ಅಂಗಡಿಯಿಂದ ಕೊಂಡು ತಂದಿದ್ದಳು.

ಅವಳು ಮುಚ್ಚಳಕ್ಕೆ ಔಷಧಿ ಸುರಿದಳು, ಚೆಲ್ಲದ ಹಾಗೆ ನಡೆದುಹೋಗಿ ಮೇಡಂ ಅವರ ಚಹಾದ ಲೋಟದ ಪಕ್ಕ ಇಟ್ಟಳು.

"ಕುಡೀರಿ ಮೇಡಂ."

"ಏನಮ್ಮಾ ಇದು?"

"ನೀವು ಹೊಗಳಿದ್ರಲ್ಲ, ಶಿಸ್ತು. ಇದೇ ಅದು. ನಿಮ್ಮ ಮನೆ ರಾಕ್ಷಸಿಗೂ ಒಯ್ಯಿರಿ, ದಿನಕ್ಕೆರಡು ಮುಚ್ಚಳ. ಬೇಗ ನಮ್ಮ ಮಕ್ಕಳ ಥರ ಆಗ್ತಾಳೆ."

ಮೇಡಂ ಅವರ ಪೆನ್ನು ನಿಂತಿತು. ಮ್ಯಾನೇಜರ್ ಕುರ್ಚಿ ಬಿಟ್ಟೆದ್ದ. ದೊಡ್ಡವರೆದುರು ಬೈಗುಳ ನುಂಗಿಕೊಂಡು, ಕಣ್ಣು ಕೆಂಪಗೆ ಮಾಡಿ, ತುಟಿಗೆ ಬೆರಳಿಟ್ಟು "ಶ್ಶ್" ಎಂದ.

ಆಗತಾನೇ ಏಳುತ್ತಿದ್ದ ಮಕ್ಕಳು ಮತ್ತೆ ದೊಪದೊಪನೆ ಮಲಗಿದವು. ಪುಟ್ಟಿ ಮಾತ್ರ ಮಲಗಲಿಲ್ಲ. ಅಮ್ಮ ಇನ್ನೂ ನಿಂತೇ ಇದ್ದದ್ದನ್ನು ಕಂಡು ಅದರ ಮುಖ ಬಿಳಿಚಿಕೊಂಡಿತು. ಓಡಲು ಬಾರದ ಕಾಲುಗಳನ್ನು ಎತ್ತಿಹಾಕುತ್ತ ಬಂದು ಅಮ್ಮನ ಬಟ್ಟೆ ಜಗ್ಗಿತು. ಎತ್ತಿಕೊಂಡರೆ, ತನ್ನ ಪುಟ್ಟ ಬೆರಳನ್ನು ಅಮ್ಮನ ತುಟಿಯ ಮೇಲೆ ಒತ್ತಿಹಿಡಿಯಿತು.

"ಶ್ಶ್."

ಕಾಲರ್ ಅಕ್ಕ ಅಳಲಿಲ್ಲ. ಬೆರಳನ್ನು ಮೆಲ್ಲಗೆ ಸರಿಸಿ ತನ್ನ ಮುಷ್ಟಿಯೊಳಗೆ ಹಿಡಿದುಕೊಂಡಳು. ಗೋಡೆಯಾಚೆಗೆ, ಹೊಲಿಗೆ ಹಾಲ್‌ನ ಮೆಷಿನುಗಳ ತನಕ ಕೇಳುವಂತೆ ಗಂಟಲು ಎತ್ತಿದಳು.

"ಮೇಡಂ, ನನ್ನ ಮಗಳಿಗೆ ಬರೋದು ಇದೊಂದೇ ಮಾತು. ಅತ್ಯುತ್ತಮ ಅಂತ ಬರೆದ್ರಲ್ಲ, ಅದರ ಪಕ್ಕದಲ್ಲೇ ಇದನ್ನೂ ಬರ್ಕೊಳ್ಳಿ."