ಹೆಬ್ಬೆರಳ ಕೆಳಗೆ

ನೊರೆ ಜಾರುತ್ತಿದೆ, ಕಿವಿಯ ಬುಡದಿಂದ ಕುತ್ತಿಗೆಯ ನೀಲಿ ಗೆರೆಯ ಕಡೆಗೆ, ಒರೆಸಿದರೆ ಗೆರೆ ಅಳಿಯುತ್ತದೆ, ಗಡ್ಡ ತೆಗೆಸುವ ಮೊದಲೇ ಗೆರೆ ಎಳೆದು ಹೋಗಿದ್ದಾರೆ ಡಾಕ್ಟರ್ ಮಹಾನುಭಾವರು, ಇಲ್ಲಿಂದ ಇಲ್ಲಿಗೆ ಕೊಯ್ಯುವುದಂತೆ, ನಮ್ಮಲ್ಲಿ ಶೇವಿಂಗ್ ಮಾಡೋನು ರಜೆ, ನೀವೂ ಅದೇ ಕೆಲಸದವರಲ್ವಾ, ನಿಮ್ಮಣ್ಣಂಗೆ ನೀವೇ ಮಾಡಿಬಿಡಿ ಎಂದಳು ನರ್ಸು, ಹತ್ತು ಗಂಟೆಗೆ ಆಪರೇಷನ್ನಿಗೆ ಒಳಗೆ ಕರ್ಕೊಂಡ್ಹೋಗ್ತಾರೆ. ಅದೇ ಕೆಲಸದವನು, ಹೌದು ತಾಯಿ, ಏಳನೇ ಕ್ಲಾಸಿಗೆ ಪುಸ್ತಕ ಎಸೆದು ಬಂದವನಿಗೆ ಕತ್ತಿ ಹಿಡಿಯಲು ಕಲಿಸಿದ್ದು ಈ ಮಂಚದ ಮೇಲೆ ಗಲ್ಲ ಎತ್ತಿ ಕೂತಿರುವ ಅಣ್ಣನೇ, ಎಡಗೈ ಹೆಬ್ಬೆರಳಲ್ಲಿ ಚರ್ಮ ಎಳೆದು ಹಿಡಿಯೋ, ಬಲಗೈ ತಾನೇ ನಡೆಯುತ್ತೆ, ಕಲಿಸಿದವನೇ ಅಂಗಡಿ ತುಂಬ ಗಿರಾಕಿಗಳೆದುರು ನನ್ನ ಕೈಯಿಂದ ಕತ್ತಿ ಕಿತ್ತುಕೊಂಡ, ಇವ್ನಿಗೆ ಮುಖ ಕೊಟ್ರೆ ವಾಪಸ್ ಸಿಗಲ್ಲ ಸ್ವಾಮಿ, ಈ ಕಡೆ ಬನ್ನಿ, ಎಲ್ಲರೂ ನಕ್ಕರು, ಆವತ್ತೇ ಮಾತು ಬಿಟ್ಟೆ. ಒಂದೇ ಮನೆ, ಅಕ್ಕಪಕ್ಕದ ಕುರ್ಚಿ, ಐದು ತಿಂಗಳು. ಆದರೂ ಅಂಗಡಿಯ ರಜೆಯ ದಿನ ಅವನು ನನ್ನ ಗಡ್ಡ ತೆಗೆಯುತ್ತಿದ್ದ, ನಾನು ಅವನದು, ಮೊದಲಿಂದ ಇದ್ದದ್ದು, ಇಬ್ಬರೂ ಮೂಗರಂತೆ, ಅತ್ತಿಗೆ ಬಾಗಿಲಲ್ಲಿ ನಿಂತು, ಏನಪ್ಪಾ, ಮಾತಾಡಿದ್ರೆ ಮುತ್ತು ಉದುರಿಹೋಗುತ್ತಾ ನಿಮಗೆ. ನಾಲ್ಕನೇ ವಾರವೋ ಐದನೆಯದೋ — ಸುಳ್ಳು, ನಾಲ್ಕನೆಯದು, ಚೆನ್ನಾಗಿ ಗೊತ್ತು — ದವಡೆಯಡಿ ಹೆಬ್ಬೆರಳಿಗೆ ಬಟಾಣಿಯಷ್ಟು ಗಂಟು ಸಿಕ್ಕಿತು, ಒತ್ತಿದೆ, ಜಾರಿತು, ಬೆರಳು ನಿಂತಿತು. ಇದೇನೋ ಅಣ್ಣ, ಅಷ್ಟು ಕೇಳಿದ್ದರೆ ಸಾಕಿತ್ತು, ಎರಡೇ ಮಾತು. ನಾನೇ ಯಾಕೆ ಮೊದಲು ಬಾಯಿ ಬಿಡಬೇಕು, ಬೇಕಾದರೆ ಅವನೇ ಬಿಡಲಿ, ಥೂ ನನ್ನ ಜನ್ಮಕ್ಕೆ. ಆಮೇಲೆ ಕೆನ್ನೆ ಉಬ್ಬಿಸಲು ಬೆರಳಿಂದ ತಟ್ಟಿದರೆ ಎಡಗೆನ್ನೆ ಉಬ್ಬುತ್ತಿರಲಿಲ್ಲ, ತಂಬಾಕು ಒತ್ತಿಡುವ ಕೆನ್ನೆ ಅದು, ಬೇಕಂತಲೇ ಸತಾಯಿಸುತ್ತಾನೆ ಅಂದುಕೊಂಡು ಕತ್ತಿ ಇನ್ನಷ್ಟು ಒತ್ತಿದೆ, ಅವನು ಹಲ್ಲು ಕಚ್ಚಿದ, ನನಗೆ ಖುಷಿಯಾಯಿತು. ಖುಷಿ. ಬಟಾಣಿ ಗೋಲಿಯಷ್ಟಾಯಿತು, ಒಂದು ವಾರ ಒತ್ತಿದರೆ ಜಾರಲಿಲ್ಲ, ಆಗಲೂ ನೊರೆ ತೊಳೆದು ಬ್ರಷ್ಷು ಒಣಗಿಸಿದೆ. ಮೊನ್ನೆ ಡಾಕ್ಟರು ಬೆರಳು ಮಡಚುತ್ತಾ ಹೇಳಿದರು, ಉಳಿಯೋದು ಇಷ್ಟರ ಮೇಲೆ, ಕೆನ್ನೆಯೊಳಗಿನ ಕ್ಯಾನ್ಸರ್ ಹುಣ್ಣು ಎಷ್ಟು ಆಳ, ಕೊಯ್ದಾಗ ಅಂಚು ರೋಗ ಉಳಿಯದೆ ಚೊಕ್ಕ ಸಿಗುತ್ತೋ ಇಲ್ವೋ, ತಂಬಾಕು ಮತ್ತೆ ಮುಟ್ತಾರೋ ಏನೋ, ಎಲ್ಲಕ್ಕಿಂತ ಕುತ್ತಿಗೆಗೆ ಇಳಿದಿದ್ಯಾ ಅನ್ನೋದು, ಇಳಿದಿದ್ರೆ ಉಳಿಯೋ ಅವಕಾಶ ಅರ್ಧಕ್ಕೆ ಬರುತ್ತೆ, ಗಂಟು ಜಾರ್ತಿದ್ದಾಗ್ಲೇ ಬಂದಿದ್ರೆ ಮಾತೇ ಬೇರೆ, ಯಾವಾಗ ಕಾಣಿಸ್ತು? ಹದಿನೈದು ದಿನ ಆಗಿರ್ಬೇಕು ಸಾರ್, ಎಂದಳು ಅತ್ತಿಗೆ, ಇವರಿಗೆಲ್ಲಿ ಗೊತ್ತಾಗುತ್ತೆ, ದಿನವಿಡೀ ಕನ್ನಡಿ ಮುಂದೆ ನಿಂತು ಊರವರ ಮುಖ ನೋಡೋರು. ಡಾಕ್ಟರೂ ನಕ್ಕು ಹದಿನೈದು ಎಂದೇ ಬರೆದರು, ಅಣ್ಣ ಅಂಗಿಯ ಗುಂಡಿ ಹಾಕಿಕೊಳ್ಳುತ್ತಿದ್ದ, ನಾನು ಗೋಡೆಯ ಕ್ಯಾಲೆಂಡರ್ ನೋಡುತ್ತಾ ನಿಂತಿದ್ದೆ, ನಾಲ್ಕು ತಿಂಗಳ ಹಾಳೆಗಳು ಹರಿದುಹೋಗಿದ್ದವು. ಈಗಲೇ ಹೇಳಬೇಕು, ಒಳಗೆ ಹೋದರೆ ನಾಲಿಗೆಯವರೆಗೂ ಕೊಯ್ಯುತ್ತಾರೆ, ಆಮೇಲೆ ಅವನಿಗೆ ಬೈಯಲೂ ಆಗುವುದಿಲ್ಲ, ಬೈಯಲಾರದವನೆದುರು ತಪ್ಪೊಪ್ಪಿಕೊಳ್ಳುವುದು ಹೇಡಿಯ ಕೆಲಸ. ಅಣ್ಣ, ಆ ಗಂಟು — ದನಿ ಯಾರದೋ ಅನಿಸುತ್ತದೆ — ನಂಗೆ ಮೊದ್ಲೇ ಸಿಕ್ಕಿತ್ತು, ನಾಲ್ಕು ತಿಂಗಳಾಯ್ತು. ಬೈ, ಎದ್ದು ಕಪಾಳಕ್ಕೆ ಬಾರಿಸು, ಇಡೀ ವಾರ್ಡು ನೋಡಲಿ. ಅವನ ಬಾಯಿ ಒಂದು ಬೆರಳಿನಷ್ಟು ತೆರೆಯುತ್ತದೆ, ಆ ಸಂದಿಯಿಂದ, ಗೊತ್ತು ಕಣೋ, ಆವತ್ತು ನಿನ್ನ ಬೆರಳು ನಿಂತಿತಲ್ಲ, ನಂಗೂ ಆಗ್ಲೇ ಗೊತ್ತಾಗಿದ್ದು, ಇವತ್ತಾದ್ರೂ ಕೇಳ್ತೀಯೇನೋ ಅಂತ ವಾರ ವಾರ ಕೂತೆ. ಸರಿ, ಮಾಡು, ಹೊತ್ತಾಯ್ತು. ಗಲ್ಲ ಎತ್ತುತ್ತಾನೆ, ಚರ್ಮ ಎಳೆಯದೆ ಕತ್ತಿ ನಡೆಯುವುದಿಲ್ಲ, ಬೆರಳಿಡಬೇಕು, ಅಲ್ಲೇ ಇಡಬೇಕು, ಇಡುತ್ತೇನೆ, ಹೆಬ್ಬೆರಳ ಕೆಳಗೆ ಅದು, ಜಾರುವುದಿಲ್ಲ, ಒತ್ತಿದರೂ, ಜಾರುವುದಿಲ್ಲ —