ಇಕುತಾ ಮೇಷ್ಟ್ರ ಏಡಿ ಮುಲಾಮು

ಬ್ಯಾಂಕಿನ ಕೆಲಸದಿಂದ ನಿವೃತ್ತನಾದ ಮೇಲೆ ತೊತ್ತೊರಿಯ ವಿಶ್ವವಿದ್ಯಾಲಯದವರು ಕರೆದು ನನಗೊಂದು ಕುರ್ಚಿ ಕೊಟ್ಟರು. ಪ್ರಯೋಗಾಲಯದಲ್ಲಿ ಹುಟ್ಟಿದ್ದನ್ನು ಯಾವುದಾದರೂ ಕಾರ್ಖಾನೆಯವರ ಜೊತೆ ಕೂಡಿಸಿ ಅಂಗಡಿಯ ತನಕ ಮುಟ್ಟಿಸುವುದು ನನ್ನ ಕೆಲಸ. ನನ್ನ ಹೆಂಡತಿ ಇದನ್ನು ಮದುವೆ ದಲ್ಲಾಳಿ ಕೆಲಸ ಅನ್ನುತ್ತಾಳೆ. ತಪ್ಪೇನಿಲ್ಲ. ಮೇಷ್ಟ್ರುಗಳ ಕಣ್ಣಿಗೆ ಕಾರ್ಖಾನೆಯವರು ಆತುರಗೇಡಿಗಳು, ಕಾರ್ಖಾನೆಯವರ ಕಣ್ಣಿಗೆ ಮೇಷ್ಟ್ರುಗಳು ಕಾಲ ಕಳೆಯುವ ಜನ. ನಡುವೆ ಕೂತು ಇಬ್ಬರಿಗೂ ಚಹಾ ಬಗ್ಗಿಸುವವನು ನಾನು, ನೊಸಾಕಾ. ನಾನು ಕೂಡಿಸಿದ ಜೋಡಿಗಳಲ್ಲಿ ಬಹಳಷ್ಟು ವರ್ಷ ತುಂಬುವ ಮೊದಲೇ ಮುರಿದುಬಿದ್ದವು. ಇಕುತಾ ಮೇಷ್ಟ್ರು ಮತ್ತು ಕಾದೊವಾಕಿ ಯಜಮಾನ್ತಿಯ ಜೋಡಿಯೂ ಇನ್ನೇನು ಮುರಿಯಿತು ಅನ್ನುವಲ್ಲಿಗೆ ಬಂದಿತ್ತು.

ಇಕುತಾ ರಸಾಯನಶಾಸ್ತ್ರದ ಮೇಷ್ಟ್ರು. ತೆಳ್ಳಗಿನ ಆಳು, ಹನ್ನೆರಡು ತಿಂಗಳೂ ಅದೇ ಬೂದು ಜಾಕೀಟು. ಏಡಿಯ ಚಿಪ್ಪಿನಿಂದ ಸುಣ್ಣವನ್ನೂ ಮಾಂಸದ ಅಂಶವನ್ನೂ ತೊಳೆದು ತೆಗೆದು, ಉಳಿದ ನಾರನ್ನು ನೀರಿನ ಜೊತೆ ಬೀಸುವ ಕಲ್ಲಿನಂಥ ಯಂತ್ರದಲ್ಲಿ ಮತ್ತೆಮತ್ತೆ ಅರೆದರೆ ಅದು ಎಳೆಎಳೆಯಾಗಿ ಬಿಚ್ಚಿಕೊಳ್ಳುತ್ತದೆ ಎಂದು ಅವರು ಕಂಡುಕೊಂಡಿದ್ದರು. ನ್ಯಾನೊ ಎಳೆ. ಒಂದು ಕೂದಲಿನ ದಪ್ಪದೊಳಗೆ ಅಂಥ ಸಾವಿರಾರು ಎಳೆಗಳನ್ನು ಪಕ್ಕಪಕ್ಕ ಮಲಗಿಸಬಹುದಂತೆ. ನಮ್ಮ ಕಣ್ಣಿಗೆ ಕಾಣುವುದು ಗಂಜಿಯಂಥ ಬಿಳಿ ಲೋಳೆ, ಅಷ್ಟೇ. ಒಡೆದ ಚರ್ಮಕ್ಕೆ ಹಚ್ಚಿದರೆ ಬೇಗ ಕೂಡಿಕೊಳ್ಳುತ್ತದೆಂದು ಇಲಿಗಳ ಮೇಲೆ ತೋರಿಸಿ ಪ್ರಬಂಧವನ್ನೂ ಬರೆದಿದ್ದರು. ಆದರೆ ಪ್ರಯೋಗಾಲಯದಲ್ಲಿ ಆಗುತ್ತಿದ್ದದ್ದು ಒಂದು ಲೋಟದಷ್ಟು. ಪೀಪಾಯಿಗಟ್ಟಲೆ ಮಾಡಬೇಕಾದರೆ ರಾಶಿ ರಾಶಿ ಚಿಪ್ಪು ಬೇಕು. ರಾಶಿ ಇರುವುದು ಸಕಾಯ್‌ಮಿನಾತೊ ಬಂದರಿನಲ್ಲಿ. ಹಾಗೆ ನಾನವರನ್ನು ಕಾದೊವಾಕಿ ಮಿತ್ಸುಯೊ ಅವರ ಏಡಿ ಕಾರ್ಖಾನೆಗೆ ಕರೆದುಕೊಂಡು ಹೋದೆ.

ಮಿತ್ಸುಯೊಗೆ ಅರವತ್ತು ದಾಟಿತ್ತು. ಅಪ್ಪ ಕಟ್ಟಿದ ಕಾರ್ಖಾನೆ. ಕೆಂಪು ಏಡಿಯನ್ನು ಬೇಯಿಸಿ, ಮಾಂಸ ಬಿಡಿಸಿ, ಡಬ್ಬಿ ತುಂಬಿ ಕಳಿಸುತ್ತಾರೆ. ಹಿತ್ತಲಲ್ಲಿ ಚಿಪ್ಪಿನ ಗುಡ್ಡೆ, ಅದರ ಮೇಲೆ ಕಡಲ ಹಕ್ಕಿಗಳ ಜಗಳ. ಬಂದ ನೆಂಟರಿಗೆ ಮಾಡುವ ಹಾಗೆ ಆಕೆ ಆಗಷ್ಟೇ ಬೆಂದ ಏಡಿಕಾಲುಗಳನ್ನು ತಟ್ಟೆ ತುಂಬ ತಂದಿಟ್ಟರು. ಮೇಷ್ಟ್ರು ಎರಡು ಹೆಜ್ಜೆ ಹಿಂದೆ ಸರಿದು, "ಕ್ಷಮಿಸಿ, ನನಗೆ ಬೇಡ," ಅಂದರು.

"ಯಾಕಪ್ಪ? ನಮ್ಮ ಕೆಂಪು ಏಡಿ ಗಂಟಲಲ್ಲಿ ಇಳಿಯಲ್ವೇನೋ. ಆ ದುಬಾರಿ ಮಾತ್ಸುಬಾ ಏಡೀನೇ ಆಗ್ಬೇಕೇನೋ ದೊಡ್ಡೋರಿಗೆ!"

"ಯಾವ ಏಡೀನೂ ಇಳಿಯಲ್ಲ, ಅಮ್ಮಾವ್ರೇ. ತಿಂದ್ರೆ ಗಂಟಲು ಊದ್ಕೊಂಡು ಉಸಿರು ಕಟ್ಟುತ್ತೆ. ಚಿಕ್ಕೋನಿದ್ದಾಗ ಆಸ್ಪತ್ರೆಗೆ ಹೊತ್ಕೊಂಡೇ ಹೋಗಿದ್ರು."

ಮಿತ್ಸುಯೊ ಮೇಷ್ಟ್ರ ಮುಖ ನೋಡಿದರು, ನನ್ನ ಮುಖ ನೋಡಿದರು. ಆಮೇಲೆ ನಗು ಶುರುವಾಯಿತು ನೋಡಿ, ಹಿಡಿದುಕೊಳ್ಳಲು ಕುರ್ಚಿಯೇ ಬೇಕಾಯಿತು. "ಎಂಥೋರನ್ನ ಹುಡುಕ್ಕೊಂಡು ಬಂದಿದೀರಿ ನೊಸಾಕಾ ಅವ್ರೇ! ಏಡಿ ಒಗ್ಗದೋರು ಏಡಿ ಚಿಪ್ಪು ಕೇಳೋಕೆ ಬಂದಿದಾರೆ!"

"ಒಗ್ಗದೇ ಇರೋದಕ್ಕೇ ಬಂದೆ," ಅಂದರು ಮೇಷ್ಟ್ರು, ನಗದೆ. "ಅಂಗೈಯಗಲದ ಪ್ರಾಣಿ ನನ್ನ ಯಾಕೆ ಹಾಗೆ ಕೆಡವ್ತು ಅಂತ ಓದ್ತಾ ಹೋದೆ. ಓದ್ತಾ ಓದ್ತಾ ಚಿಪ್ಪಿನ ಹತ್ರ ಬಂದು ನಿಂತ್ಕೊಂಡೆ."

ಈ ಉತ್ತರ ಆಕೆಗೆ ಹಿಡಿಸಿತು. ತಟ್ಟೆ ಒಳಗೆ ಹೋಯಿತು, ಬದಲಿಗೆ ತೋಫು ಬಂತು. ಚಿಪ್ಪು ಎಷ್ಟು ಬೇಕಾದರೂ ಒಯ್ಯಿರಿ, ಹಿಂದಿನ ಹಳೇ ಕೊಠಡಿಯನ್ನೂ ಬಳಸಿಕೊಳ್ಳಿ ಅಂದರು. ಒಂದೇ ಒಂದು ಕಟ್ಟಪ್ಪಣೆ: ಬೇಯಿಸುವ, ಬಿಡಿಸುವ ಶೆಡ್ಡಿನೊಳಗೆ ಮೇಷ್ಟ್ರು ಕಾಲಿಡಕೂಡದು. ಅಲ್ಲಿ ಉಗಿಯಲ್ಲೇ ಏಡಿ ತೇಲುತ್ತಿರುತ್ತದೆ. "ನನ್ನ ಮನೇಲಿ ನೀವು ಸತ್ರೆ ನಾನ್ಯಾರಿಗೆ ಉತ್ತರ ಕೊಡ್ಲಿ?"

ಒಪ್ಪಂದಕ್ಕೆ ಮುದ್ರೆ ಬಿತ್ತು. ಮೇಷ್ಟ್ರು ಮುಖಕವಚ, ದಪ್ಪ ಕೈಗವಸು ಹಾಕಿಕೊಂಡು ಹಿತ್ತಲ ಕೊಠಡಿಯಲ್ಲಿ ಪೀಪಾಯಿಗಳ ಜೊತೆ ಗುದ್ದಾಡತೊಡಗಿದರು. ಮೊದಲ ಚಳಿಗಾಲವೆಲ್ಲ ವಾಸನೆಯೇ ಹಣೆಬರಹವಾಯಿತು. ಲೋಟದಲ್ಲಿ ಮಾಡಿದಾಗ ಮೂಗಿಗೆ ಏನೂ ತಾಗದ ಲೋಳೆ, ಪೀಪಾಯಿಯಲ್ಲಿ ಮಾಡಿದಾಗ ಬಂದರಿನ ಚರಂಡಿಯಂತೆ ನಾರುತ್ತಿತ್ತು. ಮಿತ್ಸುಯೊ ಒಮ್ಮೆ ಮೂಸಿ ನೋಡಿ, "ಮೇಷ್ಟ್ರೇ, ಇದನ್ನ ಹೆಂಗಸ್ರು ಮುಖಕ್ಕೆ ಹಚ್ಕೊಂಡ್ರೆ ಗಂಡಂದಿರು ಮನೆ ಬಿಟ್ಟು ಓಡ್ತಾರೆ," ಅಂದರು. ಚಿಪ್ಪು ಗುಡ್ಡೆಯಲ್ಲಿ ಬಿದ್ದಷ್ಟು ಹೊತ್ತೂ ಒಳಗೊಳಗೇ ಕೊಳೆಯುತ್ತದೆ ಎಂದು ಇಬ್ಬರೂ ಕೂತು ಲೆಕ್ಕ ಹಾಕಿದರು. ಮಾಂಸ ಬಿಡಿಸಿದ ಕೂಡಲೇ ಚಿಪ್ಪನ್ನು ತಣ್ಣೀರಿನ ತೊಟ್ಟಿಗೆ ಹಾಕುವ ಏರ್ಪಾಡಾಯಿತು. ವಾಸನೆ ಹೋಯಿತು.

ಆಮೇಲೆ ಒಸಾಕಾದಿಂದ ದೊಡ್ಡ ಪ್ರಸಾಧನ ಕಂಪನಿಯೊಂದರ ಸೆನೋ ಎಂಬಾತ ಬಂದ. ನಯವಾದ ಮಾತು, ಹೊಳೆಯುವ ಬೂಟು. ಮುಖಕ್ಕೆ ಹಚ್ಚುವ ಕ್ರೀಮಿನಲ್ಲಿ ಈ ಎಳೆ ಸೇರಿಸಿ ದೇಶದ ತುಂಬ ಮಾರುವ ಯೋಚನೆ ಅವರದು. ಎರಡು ಸಲ ಬಂದು ಹೋದ, ಮಾದರಿ ಒಯ್ದ. ಮೂರನೆಯ ಸಲ ಮಿತ್ಸುಯೊ ಅವರ ಕಚೇರಿಯಲ್ಲಿ ನಾವು ನಾಲ್ವರೂ ಕೂತಾಗ ಮೆಲ್ಲಗೆ ಕೇಳಿದ:

"ಎಲ್ಲಾ ಚೆನ್ನಾಗಿದೆ. ಆದ್ರೆ ಏಡಿ ಒಗ್ಗದೋರು ಹಚ್ಕೊಂಡ್ರೆ?"

"ಒಗ್ಗದೇ ಇರೋದು ಮಾಂಸದ ಅಂಶದಿಂದ. ಅದನ್ನ ತೊಳೆದು ತೆಗೆದಿದೀವಿ. ಹೆಚ್ಚುಕಮ್ಮಿ ಏನೂ ಉಳಿದಿಲ್ಲ," ಅಂದರು ಮೇಷ್ಟ್ರು.

"ಹೆಚ್ಚುಕಮ್ಮಿ ಅನ್ನೋ ಮಾತನ್ನ ನಮ್ಮ ಮೇಲಿನೋರು ಒಪ್ಪಲ್ಲ, ಸರ್. ಏನೂ ಆಗಲ್ಲ ಅಂತ ನೀವು ಹೇಳಿದ್ರೆ ಇವತ್ತೇ ಮುಂದುವರೀಬಹುದು."

ಮೇಷ್ಟ್ರು ಜಾಕೀಟು ಬಿಚ್ಚಿ ಕುರ್ಚಿಯ ಬೆನ್ನಿಗೆ ನೇತುಹಾಕಿ, ಅಂಗಿಯ ತೋಳು ಮೇಲಕ್ಕೇರಿಸಿ, ಮಾದರಿಯ ಬಾಟಲಿಯ ಬಿರಡೆ ತೆಗೆದರು. "ನನಗಿಂತ ಒಗ್ಗದೋರು ಈ ಊರಲ್ಲಿ ಸಿಗಲ್ಲ. ನೋಡ್ತಾ ಇರಿ."

ಸೆನೋ ಮುಂದಕ್ಕೆ ಬಾಗಿ ಕೂತ. ನಿಜ ಹೇಳಬೇಕೆಂದರೆ ನನಗೂ ನೋಡುವ ಕುತೂಹಲವಿತ್ತು. ಮಿತ್ಸುಯೊ ಮಾತ್ರ ಎದ್ದು ಬಂದು ಮೇಷ್ಟ್ರ ಮಣಿಕಟ್ಟು ಹಿಡಿದರು.

"ಬಾಟ್ಲಿ ಕೆಳಗಿಡಿ, ಮೇಷ್ಟ್ರೇ."

"ಏನೂ ಆಗಲ್ಲ ಅಮ್ಮಾವ್ರೇ, ನನಗೆ ಗೊತ್ತು."

"ಏನಾದ್ರೂ ಆದ್ರೆ ನಾನೊಬ್ಬ ಒಳ್ಳೇ ಮೇಷ್ಟ್ರನ್ನ ಕಳ್ಕೊಳ್ತೀನಿ. ಏನೂ ಆಗ್ಲಿಲ್ಲ ಅಂದ್ರೆ ಇನ್ನೂ ಕಷ್ಟ. ನಿಮ್ಮ ಒಂದು ತೋಳು ನೋಡಿ ಇವರು ಊರೂರಿಗೆ ಮಾರ್ತಾರೆ. ಎಲ್ಲೋ ಯಾವುದೋ ಮಗೂಗೆ ಉಸಿರು ಕಟ್ಟಿದ್ರೆ? ನಮ್ಮಪ್ಪ ಡಬ್ಬಿ ಒಳಗೆ ಒಂದೇ ಒಂದು ಚಿಪ್ಪಿನ ಚೂರು ಉಳೀತು ಅಂತ ಇಡೀ ಗಾಡಿ ವಾಪಸ್ ತರಿಸಿದ ಮನುಷ್ಯ." ಆಮೇಲೆ ಸೆನೋ ಕಡೆ ತಿರುಗಿ, "ಪರೀಕ್ಷೆ ಆಸ್ಪತ್ರೇಲಿ ಆಗಲಿ. ಎಷ್ಟು ದಿನ ಹಿಡಿಯುತ್ತೋ ಹಿಡೀಲಿ," ಅಂದರು.

ಮೇಷ್ಟ್ರು ಕಿವಿ ಕೆಂಪಗೆ ಮಾಡಿಕೊಂಡು ತೋಳು ಇಳಿಸಿದರು. ಆ ದಿನ ತೊತ್ತೊರಿಗೆ ಮರಳುವ ರೈಲಿನಲ್ಲಿ ಅವರು ಕಿಟಕಿಯಾಚೆ ದಾಯ್ಸೆನ್ ಬೆಟ್ಟ ಹಿಂದೆ ಸರಿಯುವ ತನಕ ಅತ್ತಲೇ ನೋಡುತ್ತ ಕೂತಿದ್ದರು.

ವಿಶ್ವವಿದ್ಯಾಲಯದ ಸಮಿತಿ ಒಪ್ಪಿಗೆ ಕೊಟ್ಟು, ಆಸ್ಪತ್ರೆಯವರು ಏಡಿ ಒಗ್ಗದವರನ್ನು ಹುಡುಕಿ, ಪರೀಕ್ಷೆ ಮುಗಿಸುವಷ್ಟರಲ್ಲಿ ಶರತ್ಕಾಲದ ಪೇರ್ ಹಣ್ಣಿನ ಸುಗ್ಗಿ ಬಂದು ಹೋಗಿ ಮತ್ತೆ ಹಿಮ ಬಿದ್ದಿತ್ತು. ಮಾಡಿದವನೇ ಪರೀಕ್ಷೆಗೆ ಕೂರುವಂತಿಲ್ಲವೆಂದು ಮೇಷ್ಟ್ರನ್ನು ಹೊರಗಿಟ್ಟಿದ್ದರು. ಬಹಳ ಮಂದಿಗೆ ಏನೂ ಆಗಿರಲಿಲ್ಲ. ಕೆಲವರಿಗೆ ಮಾತ್ರ ಹಚ್ಚಿದ ಜಾಗ ಕೆಂಪಗಾಗಿ ತುರಿಸಿತ್ತು.

"ಕೆಡದಿರ್ಲಿ ಅಂತ ಹಾಕಿದ ರಾಸಾಯನಿಕದಿಂದಲೂ ಆಗಿರಬಹುದು," ಅಂದರು ಮೇಷ್ಟ್ರು. "ಇನ್ನೊಂದು ಸಲ ಮಾಡಿದ್ರೆ..."

"ಕೆಂಪಾಗಿದ್ದು ನಿಜಾನಾ?" ಮಿತ್ಸುಯೊ ಕೇಳಿದರು.

"ನಿಜ."

"ಹಾಗಾದ್ರೆ ಡಬ್ಬಿ ಮೇಲೆ ಬರೀಬೇಕು. ಏಡಿ ಒಗ್ಗದೋರು ಹಚ್ಬೇಡಿ ಅಂತ. ಹಿಂದ್ಗಡೆ ಸಣ್ಣ ಅಕ್ಷರದಲ್ಲಿ ಅಲ್ಲ, ಮುಂದ್ಗಡೆ."

ಅದನ್ನು ಕೇಳಿದ ಮೇಲೆ ಸೆನೋ ಬರಲಿಲ್ಲ. ಅವನ ಕಂಪನಿಯಿಂದ ಬಹಳ ವಿನಯದ ಫೋನು ಬಂತು: ಈ ಸಲಕ್ಕೆ ಬೇಡ, ಮುಂದೆ ನೋಡೋಣ. ನಮ್ಮಲ್ಲಿ ಅದರ ಅರ್ಥ ಎಲ್ಲರಿಗೂ ಗೊತ್ತು.

ಜಂಟಿ ಸಂಶೋಧನೆಯ ಅವಧಿಯೂ ಮುಗಿಯುತ್ತಿತ್ತು. ಕೊಠಡಿ ಖಾಲಿ ಮಾಡುವ ಮೊದಲು ಕೆಲಸದವರಿಗೆಲ್ಲ ಕೃತಜ್ಞತೆ ಹೇಳಿ ಬರಬೇಕೆಂದು ಮೇಷ್ಟ್ರು ಹಟ ಹಿಡಿದರು. ಕಡಲು ಕೆಟ್ಟು ದೋಣಿಗಳು ಹೋಗದ ದಿನ ನೋಡಿ ಮಿತ್ಸುಯೊ ನಮ್ಮನ್ನು ಕರೆಸಿದರು. ಹಿಂದಿನ ದಿನವೂ ಬೇಯಿಸಿರಲಿಲ್ಲ. ಶೆಡ್ಡಿನ ನೆಲ, ಗೋಡೆ ಎಲ್ಲ ತೊಳೆಸಿ ಬಾಗಿಲು ತೆರೆದಿಟ್ಟಿದ್ದರು. ಇಷ್ಟು ಕಾಲದಲ್ಲಿ ಮೇಷ್ಟ್ರು ಆ ಹೊಸ್ತಿಲು ದಾಟಿದ್ದು ಅದೇ ಮೊದಲು.

ಒಳಗೆ ಏಡಿ ಬಿಡಿಸುವ ಹೆಂಗಸರು ಸೀಮೆಎಣ್ಣೆ ಒಲೆಯ ಸುತ್ತ ಕೂತಿದ್ದರು. ಮೇಷ್ಟ್ರು ಮುಖಕವಚದೊಳಗಿಂದಲೇ ಏನೋ ಗಂಭೀರವಾಗಿ ಹೇಳಿ ತಲೆಬಾಗಿದರು. ಯಾರಿಗೂ ಸರಿಯಾಗಿ ಕೇಳಿಸಲಿಲ್ಲ. ಅವರಲ್ಲೆಲ್ಲ ಹಿರಿಯಳಾದ ಹಮಾದಾ ಕಿನು ಎದ್ದು ಬಂದು ಚಹಾದ ಬಟ್ಟಲು ಚಾಚಿದಳು. ಮೇಷ್ಟ್ರು ಬಟ್ಟಲು ತೆಗೆದುಕೊಳ್ಳಲಿಲ್ಲ. ಅವಳ ಬೆರಳುಗಳನ್ನೇ ನೋಡುತ್ತ ನಿಂತರು. ಗೆಣ್ಣು ಗೆಣ್ಣಿಗೂ ಬಿಳಿ ಪಟ್ಟಿ ಸುತ್ತಿತ್ತು, ಪಟ್ಟಿಯ ಅಂಚಿನಲ್ಲಿ ಚರ್ಮ ಬಿರಿದು ಕೆಂಪಗೆ ಕಾಣುತ್ತಿತ್ತು.

"ಇದೇನಾಯ್ತು, ಅಜ್ಜಿ?"

"ಏನಾಗುತ್ತೆ? ಚಳಿಗಾಲ. ಐಸ್ ನೀರಲ್ಲಿ ದಿನವಿಡೀ ಕೈಯಿಟ್ರೆ ಒಡೀದೆ ಹೂ ಬಿಡುತ್ತಾ?"

"ನೋಯಲ್ವಾ?"

"ನೋಯುತ್ತೆ. ಚಹಾ ತಗೊಳ್ಳಪ್ಪ, ನನ್ನ ಕೈ ಸುಡ್ತಿದೆ."

ಮೇಷ್ಟ್ರು ಬಟ್ಟಲು ತೆಗೆದುಕೊಂಡು ಕೆಳಗಿಟ್ಟು, ಉಳಿದವರ ಕೈಗಳನ್ನೂ ತೋರಿಸಲು ಕೇಳಿದರು. ಎಲ್ಲರವೂ ಹಾಗೇ. ಆಮೇಲೆ ಅವರು ಕೇಳಿದ ಪ್ರಶ್ನೆಗೆ ಶೆಡ್ಡಿಗೆ ಶೆಡ್ಡೇ ಗೊಳ್ಳೆಂದಿತು.

"ನಿಮಗೆಲ್ಲ ಏಡಿ ಒಗ್ಗುತ್ತಲ್ವಾ?"

"ಒಗ್ಗದಿದ್ರೆ ನಮ್ಮ ಸಂಸಾರ ನಡೀತಿತ್ತಾ, ಮೇಷ್ಟ್ರೇ?" ಕಿನು ಕಣ್ಣೊರೆಸಿಕೊಂಡಳು. "ಇವರ್ನ ಯಾರು ಓದಿಸಿದ್ರೋ!"

ಮೇಷ್ಟ್ರು ಮಾತ್ರ ನಗಲಿಲ್ಲ. ಮಿತ್ಸುಯೊ ಕಡೆ ತಿರುಗಿದರು. "ಅಮ್ಮಾವ್ರೇ, ನಾವು ಒಗ್ಗದೋರ ಮುಖಕ್ಕೂ ಮಾರೋಕೆ ಹೊರಟಿದ್ವಿ. ಒಗ್ಗೋರ ಕೈಗಳು ಇಲ್ಲೇ ಗೋಡೆಯಾಚೆ ಇದ್ವು. ನಾನು ಒಂದು ದಿನಾನೂ ನೋಡಿರ್ಲಿಲ್ಲ."

"ನೋಡ್ಬೇಡಿ ಅಂತ ತಡೆದೋಳು ನಾನೇ ಅಲ್ವಾ," ಅಂದರು ಮಿತ್ಸುಯೊ. ತಮ್ಮ ಕೈಗಳನ್ನು ತಿರುಗಿಸಿ ನೋಡಿಕೊಂಡು, "ನಾನು ದಿನಾ ನೋಡ್ತಿದ್ದೆ. ನೋಡಿ ನೋಡಿ ಅದು ಹಾಗೇ ಇರ್ಬೇಕು ಅನ್ಕೊಂಡಿದ್ದೆ," ಅಂದರು.

ಆ ಲೋಳೆಯಿಂದ ಒಡೆದ ಕೈಗಳಿಗೆ ಮುಲಾಮು ಮಾಡಲೆಂದು ಒಪ್ಪಂದವನ್ನು ನಾನು ಇನ್ನೊಂದು ವರ್ಷಕ್ಕೆ ಎಳೆದೆ. ಅದಕ್ಕಾಗಿ ನಮ್ಮ ಕಚೇರಿಯಲ್ಲಿ ಯಾರ್ಯಾರ ಮುಂದೆ ಎಷ್ಟೆಷ್ಟು ಬಗ್ಗಿದೆನೆಂದು ಹೇಳುವುದು ಬೇಡ. ಪರೀಕ್ಷೆ ಮತ್ತೆ ಆಸ್ಪತ್ರೆಯಲ್ಲೇ ನಡೆಯಿತು. ಈ ಸಲ ಬಂದರಿನ ಹೆಂಗಸರು ತಾವೇ ಸಾಲುಗಟ್ಟಿ ಹೋದರು. ಬಿರುಕು ಮುಚ್ಚಿತು. ಎಲ್ಲರಿಗೂ ಅಲ್ಲ, ಆದರೆ ಬಹುಪಾಲು ಜನ ಬೆರಳಿನ ಪಟ್ಟಿ ಬಿಚ್ಚಿದರು. ದೂರುಗಳೂ ಧಾರಾಳವಾಗಿ ಬಂದವು. ಅಂಟಂಟು. ಸಂಜೆ ಹಚ್ಚಿದರೆ ಚಾಪೆಗೆಲ್ಲ ಮೆತ್ತುತ್ತದೆ. ಎಲ್ಲಕ್ಕಿಂತ ದೊಡ್ಡ ದೂರು ಕಿನುವಿನದು. ಮೇಷ್ಟ್ರು ಕೊಟ್ಟ ಪುಟ್ಟ ಚೆಂದದ ಡಬ್ಬಿಯನ್ನು ಅವಳು ಮೇಜಿನ ಮೇಲೆ ಕುಕ್ಕಿದಳು.

"ಮುಲಾಮೇನೋ ಒಳ್ಳೇದೇ. ಆದ್ರೆ ಒಡೆದ ಕೈಯಲ್ಲಿ ಈ ಮುಚ್ಚಳ ತಿರುಗಿಸೋರು ಯಾರು? ನಿಮ್ಮ ಹೆಂಡ್ತೀನ ಕಳಿಸ್ತೀರಾ?"

ಮೇಷ್ಟ್ರಿಗೆ ಹೆಂಡತಿ ಇರಲಿಲ್ಲ. ಅಗಲ ಬಾಯಿಯ, ಅಂಗೈಯಿಂದ ಒತ್ತಿದರೆ ಪಟ್ಟನೆ ತೆರೆಯುವ ಡಬ್ಬಿಗಾಗಿ ಅವರು ಒಂದು ಬೇಸಿಗೆಯನ್ನೇ ಕಳೆದರು. ಎಳೆಯನ್ನು ಕಂಡುಹಿಡಿಯುವುದಕ್ಕಿಂತ ಮುಚ್ಚಳದ ಕೆಲಸವೇ ಕಷ್ಟ ಎಂದು ಒಮ್ಮೆ ನನ್ನೆದುರು ನಿಟ್ಟುಸಿರು ಬಿಟ್ಟರು.

ಡಬ್ಬಿಯ ಮುಂಭಾಗದಲ್ಲಿ, ಹೆಸರಿಗಿಂತ ಮೇಲೆ, ಏಡಿ ಒಗ್ಗದವರು ಹಚ್ಚಬಾರದೆಂದು ಕೆಂಪಕ್ಷರದಲ್ಲಿ ಅಚ್ಚಾಯಿತು. ಯಾರು ಕೊಳ್ಳುತ್ತಾರೆ ಇಂಥದ್ದನ್ನು ಎಂದು ನಾನು ಹೆದರಿದ್ದೆ. ಮೊದಲು ಮೀನುಗಾರರ ಸಂಘದ ಅಂಗಡಿಯಲ್ಲಿ ಇಟ್ಟರು. ಅಲ್ಲಿ ಆ ಕೆಂಪಕ್ಷರ ನೋಡಿದ ಮೀನುಗಾರರು, "ಅಂದ್ರೆ ಇದು ನಮ್ಗೇ ಮಾಡಿದ್ದು," ಅಂದುಕೊಂಡರಂತೆ. ಚಳಿಗಾಲ ಮುಗಿಯುವ ಮೊದಲೇ ಅಂಗಡಿಯ ಕಪಾಟು ಖಾಲಿ. ಮರುವರ್ಷ ಕರಾವಳಿಯುದ್ದಕ್ಕೂ ಬಂದರುಗಳಿಂದ ಕರೆ ಬಂತು, ಆಮೇಲೆ ದಿನವಿಡೀ ತಣ್ಣೀರಲ್ಲಿ ಕೈಯಿಟ್ಟು ತೋಫು ಮಾಡುವವರಿಂದ, ಈರುಳ್ಳಿಯಂಥ ರಕ್ಕ್ಯೊ ಗೆಡ್ಡೆ ಸುಲಿದು ಉಪ್ಪಿನಕಾಯಿ ಹಾಕುವ ಹೆಂಗಸರಿಂದ. ದೇಶದ ತುಂಬ ಹೆಸರಾಗುವ ಮಾಲು ಅದಲ್ಲ. ಆದರೆ ಕೊಂಡವರು ಮತ್ತೆ ಕೊಳ್ಳುತ್ತಾರೆ.

ಈಗ ಆ ಹಳೇ ಕೊಠಡಿಯ ಪಕ್ಕ ಮಿತ್ಸುಯೊ ಹೊಸದೊಂದು ಕೋಣೆ ಕಟ್ಟಿಸಿದ್ದಾರೆ. ಮಂಡಿ ನೋವಿನಿಂದ ತಣ್ಣೀರಿನ ಶೆಡ್ಡಿನಲ್ಲಿ ನಿಲ್ಲಲಾಗದ ಹೆಂಗಸರು ಅಲ್ಲಿ ಬೆಚ್ಚಗೆ ಕೂತು ಡಬ್ಬಿ ತುಂಬುತ್ತಾರೆ. ಅವರ ಮೇಲ್ವಿಚಾರಕಿ ಕಿನು. ಮೇಷ್ಟ್ರು ವಾರಕ್ಕೊಮ್ಮೆ ಬಂದು ಕೋಣೆಯ ಬಾಗಿಲಲ್ಲಿ ನಿಂತು ಏನಾದರೂ ಬದಲಾಯಿಸಬೇಕೇ ಎಂದು ಕೇಳುತ್ತಾರೆ. ಕಿನು ಪ್ರತಿ ಸಲವೂ ಒಂದಲ್ಲ ಒಂದು ಹೇಳುತ್ತಾಳೆ, ಅವರು ನಿಂತಲ್ಲೇ ಬರೆದುಕೊಳ್ಳುತ್ತಾರೆ.